ಗಂಜೀಫದ ಮೂರನೆಯ ಆಟಗಾರ

ಪ್ರೇಮ್‌ಚಂದರ ‘ಶತರಂಜ್ ಕೇ ಖಿಲಾಡಿ’ ಓದಿದವರು ಮಿರ್ಜಾ, ಮೀರ್ ಇಬ್ಬರ ಚದುರಂಗದ ಹುಚ್ಚನ್ನು ಮರೆಯುವುದಿಲ್ಲ. ಆದರೆ ಕತೆಯ ಆರಂಭದಲ್ಲೇ, ಚದುರಂಗ ಮತ್ತು ಇಸ್ಪೀಟಿನ ಮಗ್ಗುಲಲ್ಲಿ, ಗಂಜೀಫವೂ ಒಮ್ಮೆ ಬಂದುಹೋಗುವುದು ಹೆಚ್ಚಿನವರ ನೆನಪಿನಲ್ಲಿ ಉಳಿಯುವುದಿಲ್ಲ. ಕತೆ ಬಂದದ್ದು 1924ರಲ್ಲಿ. ಬರೆದವರು ಕಾಶಿಗೆ ಹೊಂದಿಕೊಂಡ ಲಮಹಿಯಲ್ಲಿ ಹುಟ್ಟಿದವರು. ಕತೆ ನಡೆಯುವುದು ನವಾಬ ವಾಜಿದ್ ಅಲಿ ಶಾಹನ ಲಖನೌದಲ್ಲಿ, 1856ರ ಆಸುಪಾಸು. ಇಂಥ ಆಟಗಳಿಂದ ಬುದ್ಧಿ ಚುರುಕಾಗುತ್ತದೆ ಎಂದು ವಾದಿಸುವವರ ಪಟ್ಟಿಯಲ್ಲಿ ಗಂಜೀಫವನ್ನು ಸೇರಿಸಿದ ಪ್ರೇಮ್‌ಚಂದ್, ಅದೇನೆಂದು ವಿವರಿಸುವ ಗೋಜಿಗೆ ಹೋಗಿಲ್ಲ. ಓದುಗರಿಗೆ ಗೊತ್ತಿದ್ದಿತೆಂದೇ ಅರ್ಥ.

ಈಗ ಕಾಶಿಯ ಖೋಜ್ವಾದಲ್ಲಿ, ಮರದ ಬೊಂಬೆಗಳಿಗೆ ಅರಗಿನ ಬಣ್ಣ ಹಚ್ಚುವವರ ಬೀದಿಯಲ್ಲಿ, ಗಂಜೀಫದ ಎಲೆ ಮಾಡುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ ಕುತ್ತಿಗೆ ಅಡ್ಡಡ್ಡ ಆಡುತ್ತದೆ. ಬನಾರಸಿನವರು ಅಪರಿಚಿತರನ್ನೂ ‘ಗುರು’ ಎಂದೇ ಕರೆಯುತ್ತಾರೆ, ನಮ್ಮ ಬೆಂಗಳೂರಿನ ಹುಡುಗರ ಹಾಗೆ. “ಅದು ಅಜ್ಜಂದಿರ ಕಾಲದ್ದು ಗುರು, ಬೇಕಿದ್ದರೆ ಗಣಪತಿ ತಗೊಳ್ಳಿ” ಎಂದರು ಒಬ್ಬ ಹಿರಿಯ ಕುಶಲಕರ್ಮಿ. ಪ್ರೇಮ್‌ಚಂದರ ಕತೆಗೂ ಈ ಮಾತಿಗೂ ನಡುವೆ ಎಲ್ಲೋ ಒಂದು ಆಟ ನಿಂತಿದೆ. ಯಾವಾಗ ನಿಂತಿತು? ನಿಂತಾಗ ಅದನ್ನೇ ಹಚ್ಚಿಕೊಂಡು ಕೂತಿದ್ದವರಿಗೆ ಏನಾಯಿತು? ನಾನು ಕಾಶಿಯ ದಾಖಲೆಗಳಲ್ಲಿ ಹುಡುಕಲು ಹೊರಟದ್ದು ಇಷ್ಟನ್ನೇ.

ಪ್ರಶ್ನೆ ಹುಟ್ಟಿದ್ದು ಮಾತ್ರ ಗಂಜೀಫದಿಂದಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1983ರಿಂದ ‘ವಾರ್‌ಹ್ಯಾಮರ್’ ಎಂಬ ಆಟವನ್ನು ಮಾರುತ್ತಿತ್ತು. ಮೇಜಿನ ಮೇಲೆ ಪುಟ್ಟ ಸೈನಿಕರ ಬೊಂಬೆಗಳನ್ನು ನಿಲ್ಲಿಸಿ, ದಾಳ ಹಾಕಿ, ರಾಕ್ಷಸರು, ಕುಬ್ಜರು, ಮಾಂತ್ರಿಕರು ಕಾದಾಡುವ ಕಾಲ್ಪನಿಕ ಜಗತ್ತು. ಬೊಂಬೆಗಳಿಗೆ ಬಣ್ಣ ಬಳಿಯುವುದು ಆಡುವವರದೇ ಕೆಲಸ. ಹತ್ತಿಪ್ಪತ್ತು ವರ್ಷ ಕೂತು ಒಂದೊಂದೇ ಬೊಂಬೆಗೆ ಬಣ್ಣ ಹಚ್ಚಿ ಸೈನ್ಯ ಕಟ್ಟಿದವರಿದ್ದರು. ಕಂಪನಿ 2014–15ರಲ್ಲಿ ಸಾಲುಸಾಲಾಗಿ ಪುಸ್ತಕ ತಂದು ಕತೆಯಲ್ಲಿ ಆ ಜಗತ್ತನ್ನೇ ನಾಶ ಮಾಡಿತು. 2015ರಲ್ಲಿ ಹಳೆಯ ಆಟವನ್ನು ನಿಲ್ಲಿಸಿ ಹೊಸದನ್ನು ಮಾರುಕಟ್ಟೆಗೆ ಬಿಟ್ಟಿತು. ಆಡುವವರಿಗೆ ಆದ ಬೇಸರ ಎಂಥದ್ದೆಂದರೆ ಒಬ್ಬಾತ ತನ್ನ ಸೈನ್ಯಕ್ಕೆ ತಾನೇ ಬೆಂಕಿಯಿಟ್ಟು ಅದರ ಚಿತ್ರೀಕರಣ ಮಾಡಿದ. ಉಳಿದವರು ಸೇರಿ ‘ನೈನ್ತ್ ಏಜ್’ ಎಂಬ ಹೆಸರಿನಲ್ಲಿ ತಮ್ಮದೇ ನಿಯಮಾವಳಿ ಬರೆದುಕೊಂಡು ಹಳೆಯ ಬೊಂಬೆಗಳಲ್ಲೇ ಆಟ ಮುಂದುವರಿಸಿದರು. ಕಂಪನಿ ಕೊನೆಗೆ 2024ರ ಜನವರಿಯಲ್ಲಿ ಹಳೆಯ ಜಗತ್ತನ್ನು ಮತ್ತೆ ಪೆಟ್ಟಿಗೆಯಲ್ಲಿ ತುಂಬಿ ಮಾರಾಟಕ್ಕಿಟ್ಟಿತು.

ಆ ಆಟ ನಿಂತದ್ದಕ್ಕೆ ದಿನಾಂಕವಿದೆ, ಪ್ರಕಟಣೆಯಿದೆ, ಆಡುವವರ ಸಿಟ್ಟಿನ ದಾಖಲೆಯಿದೆ. ನಮ್ಮಲ್ಲೂ ಒಂದು ಮೇಜಿನಾಟವಿತ್ತು. ಮೇಜಿನ ಬದಲು ಜಮಖಾನ ಎನ್ನಿ. ಅದರಲ್ಲೂ ಅವತಾರಗಳು, ನಾಗರು, ದೈತ್ಯರು, ದಿಕ್ಪಾಲಕರು ಸೈನ್ಯ ಕಟ್ಟಿಕೊಂಡು ಕಾದಾಡುತ್ತಿದ್ದರು. ಅದರ ಅಂತ್ಯದ ಬಗ್ಗೆ ಒಂದು ಸಾಲೂ ಇಲ್ಲದಿರಲು ಹೇಗೆ ಸಾಧ್ಯ?

ಮೊದಲು ಆಟದ ಪರಿಚಯ. ಗಂಜೀಫದ ಎಲೆಗಳು ದುಂಡಗಿರುತ್ತವೆ. ಅರಮನೆಗಳಿಗೆ ದಂತದ್ದು, ಆಮೆಚಿಪ್ಪಿನದು. ಜನಸಾಮಾನ್ಯರಿಗೆ ಬಟ್ಟೆಯನ್ನು ಪದರ ಪದರವಾಗಿ ಹುಣಸೆಬೀಜದ ಅಂಟಿನಲ್ಲಿ ಹಚ್ಚಿ, ಸುಣ್ಣದ ಪುಡಿ ಬಳಿದು, ಬೆನ್ನಿಗೆ ಅರಗಿನ ಹೊಳಪು ಕೊಟ್ಟದ್ದು. ಮೊಘಲ್ ಕಟ್ಟಿನಲ್ಲಿ ಎಂಟು ರಂಗು. ರಂಗಿಗೊಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗೆ ಅಂಕೆಯ ಎಲೆ, ಒಟ್ಟು 96. ದಶಾವತಾರದ ಕಟ್ಟಿನಲ್ಲಿ ಹತ್ತು ರಂಗು, 120 ಎಲೆ: ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ, ಹೀಗೆ ಒಂದೊಂದು ಗುರುತು. ಆಡುವವರು ಮೂವರು. ಎಲೆಗಳನ್ನೆಲ್ಲ ಹಂಚಿಬಿಡಬೇಕು, ಮೊಘಲ್ ಕಟ್ಟಿನಲ್ಲಿ ತಲೆಗೆ 32, ದಶಾವತಾರದಲ್ಲಿ 40. ತುರುಫು ಇಲ್ಲ. ಹೆಚ್ಚು ಕೈ ಗೆದ್ದವನದು ಆಟ.

ಕೇಳಲು ಸರಳ, ತಿರುವು ಇರುವುದು ಎಣಿಕೆಯಲ್ಲಿ. ಅರ್ಧ ರಂಗುಗಳಲ್ಲಿ ಮಂತ್ರಿಯ ಕೆಳಗೆ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದರ್ಧದಲ್ಲಿ ತಿರುಗುಮುರುಗು: ಒಂದೇ ದೊಡ್ಡದು, ಹತ್ತು ಅತಿ ಕೆಳಗಿನದು. ಮೊಘಲ್ ಕಟ್ಟಿನ ತಾಜ್, ಸಫೇದ್, ಶಮ್‌ಶೇರ್, ಗುಲಾಮ್ ಒಂದು ಬಗೆ. ಚಂಗ್, ಸುರ್ಖ್, ಬರಾತ್, ಕಿಮಾಶ್ ಇನ್ನೊಂದು ಬಗೆ. ಮೇಲಾಗಿ, ಹಗಲು ಆಡಿದರೆ ಒಂದು ರಂಗಿನ ರಾಜನಿದ್ದವನು ಶುರು ಮಾಡಬೇಕು, ರಾತ್ರಿ ಆಡಿದರೆ ಇನ್ನೊಂದು ರಂಗಿನವನು. ದಶಾವತಾರದಲ್ಲಿ ಹಗಲಿಗೆ ರಾಮ, ಇರುಳಿಗೆ ಕೃಷ್ಣ. ಆಟದ ನಡುವೆ ಯಾವ ಎಲೆ ಬಿದ್ದಿದೆ, ಯಾವುದು ಯಾರ ಕೈಲಿ ಉಳಿದಿದೆ ಎಂಬುದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು. ರಮ್ಮಿ ಆಡಿ ಬೆಳೆದ ನಮ್ಮ ತಲೆಗೆ ಇದು ಒಂದು ಸಂಜೆಗೆ ಹತ್ತುವ ಲೆಕ್ಕವಲ್ಲ.

ಈ ಆಟದ ಹುಟ್ಟಿನ ದಾಖಲೆಗಳಿಗೆ ಬರವಿಲ್ಲ. ಬಾಬರ್ ತನ್ನ ಆತ್ಮಕಥೆಯಲ್ಲಿ, 1527ರಲ್ಲಿ ಸಿಂಧ್‌ನ ಶಾ ಹಸನ್‌ಗೆ ಗಂಜೀಫ ಕಳಿಸಿದ್ದನ್ನು ಬರೆದಿದ್ದಾನೆ. ಆತ ಕೇಳಿದ್ದ, ಈತ ಕಳಿಸಿದ. ಅಕ್ಬರನ ಕಾಲಕ್ಕೆ ಬಂದರೆ ಅಬುಲ್ ಫಜಲ್ ‘ಐನೆ ಅಕ್ಬರಿ’ಯಲ್ಲಿ ಹನ್ನೆರಡು ರಂಗುಗಳ 144 ಎಲೆಯ ಕಟ್ಟನ್ನು ವರ್ಣಿಸುತ್ತಾನೆ. ಅಶ್ವಪತಿ, ಗಜಪತಿ, ನರಪತಿ, ಧನಪತಿ, ಸುರಪತಿ, ಕೊನೆಗೆ ಹಾವುಗಳ ಒಡೆಯ ಅಹಿಪತಿ. ಆನೆಯ ಪಡೆ, ದೋಣಿಯ ಪಡೆ, ದೇವತೆಗಳ ಪಡೆ, ಕಾಡುಮೃಗಗಳ ಪಡೆ ಒಂದೊಂದಕ್ಕೂ ಅರಸನಿದ್ದಾನೆ. ನಾಟಿಂಗ್‌ಹ್ಯಾಮಿನವರು ನಾಲ್ಕು ಶತಮಾನ ತಡವಾಗಿ ಬಂದರು ಎನ್ನಬೇಕು. ಸಂಸ್ಕೃತದಲ್ಲೂ ಗಿರಿಧರನೆಂಬ ಕವಿ ‘ಗಂಜೀಫಾಖೇಲನ’ ಎಂಬ ಕೃತಿ ಬರೆದಿದ್ದಾನೆ. ಹುಟ್ಟಿದ್ದಕ್ಕೆ, ಬೆಳೆದದ್ದಕ್ಕೆ ಸಾಕ್ಷಿ ಬೇಕಾದಷ್ಟಿದೆ.

ಕಾಶಿಯಲ್ಲಿ ಮೊದಲು ಹೊಕ್ಕದ್ದು ಪದಕೋಶಕ್ಕೆ. 1893ರಲ್ಲಿ ಶುರುವಾದ ನಾಗರೀ ಪ್ರಚಾರಿಣೀ ಸಭಾ, ಶ್ಯಾಮಸುಂದರ ದಾಸರ ಸಂಪಾದಕತ್ವದಲ್ಲಿ ತಂದ ‘ಹಿಂದೀ ಶಬ್ದಸಾಗರ’ 1920ರ ದಶಕದ ದೊಡ್ಡ ಕೆಲಸ. ಅದರಲ್ಲಿ ಗಂಜೀಫದ ನಮೂದಿದೆ: ಎಂಟು ರಂಗಿನ 96 ಎಲೆಗಳ ಆಟ. ಸರಿ, ಪ್ರೇಮ್‌ಚಂದರ ಕತೆ ಬಂದ ದಶಕದಲ್ಲೇ ಕಾಶಿಯ ವಿದ್ವಾಂಸರಿಗೆ ಆಟದ ಲೆಕ್ಕ ಸ್ಪಷ್ಟವಾಗಿ ಗೊತ್ತಿತ್ತು. ಆದರೆ ಪದಕೋಶ ಬದುಕಿರುವುದನ್ನೂ ಸತ್ತದ್ದನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸುತ್ತದೆ. ಅಲ್ಲಿಂದ ದಿನಾಂಕ ಹೊರಡುವುದಿಲ್ಲ.

ಅಲ್ಲಿಂದ ಭಾರತ ಕಲಾ ಭವನ. ರಾಯ್ ಕೃಷ್ಣದಾಸರು 1920ರಲ್ಲಿ ಕಟ್ಟಿ, 1950ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣಕ್ಕೆ ತಂದ ಸಂಗ್ರಹಾಲಯ. ಅದರ ಚಿಕಣಿ ವರ್ಣಚಿತ್ರಗಳನ್ನು ನೋಡಲೆಂದೇ ಜನ ದೇಶದೇಶಗಳಿಂದ ಬರುತ್ತಾರೆ. ನನ್ನ ಕಣ್ಣು ಹುಡುಕಿದ್ದು ದುಂಡಗಿನ ಎಲೆಗಳನ್ನು. ಹಳೆಯ ಗಂಜೀಫದ ಕಟ್ಟು ಎಲ್ಲೇ ಸಿಗಲಿ, ನಾನು ಚಿತ್ರಕ್ಕಿಂತ ಮೊದಲು ಅಂಚನ್ನು ನೋಡುತ್ತೇನೆ. ಆಡಿದ ಎಲೆಯ ಅಂಚಿನಲ್ಲಿ ಅರಗು ಸವೆದಿರುತ್ತದೆ, ಬೆರಳಿನ ಜಿಡ್ಡು ಕಪ್ಪಾಗಿ ಕೂತಿರುತ್ತದೆ. ಕಳೆದುಹೋದ ಎಲೆಯ ಜಾಗಕ್ಕೆ ಬೇರೊಬ್ಬ ಚಿತ್ರಗಾರನ ಕೈಯಿಂದ ಬರೆಸಿದ ಎಲೆ ಸೇರಿದ್ದರೆ ಇನ್ನೂ ಒಳ್ಳೆಯದು: ಆ ಮನೆಯವರಿಗೆ ಕಟ್ಟು ಪೂರ್ತಿ ಇರಬೇಕಿತ್ತು, ಅಂದರೆ ಆಡುತ್ತಿದ್ದರು. ಅಂಚು ಹೊಸದಾಗಿ ಹೊಳೆಯುವ ಚೆಲುವಾದ ಕಟ್ಟುಗಳು ನನ್ನ ಲೆಕ್ಕದಲ್ಲಿ ಬಡವು. ಅವು ಉಡುಗೊರೆಗೆ ಹೋಗಿ ಪೆಟ್ಟಿಗೆಯಲ್ಲೇ ಉಳಿದವು.

ಸಂಗ್ರಹಾಲಯಗಳ ದಾಖಲೆ ಪುಸ್ತಕದ ದೌರ್ಬಲ್ಯವೂ ಇದೇ. ಎಲೆಯ ವ್ಯಾಸ, ವಸ್ತು, ಅಂದಾಜು ಕಾಲ, ಯಾರಿಂದ ಬಂತು, ಎಷ್ಟು ಎಲೆ ಕಡಿಮೆಯಿವೆ, ಇಷ್ಟು ಬರೆದಿರುತ್ತಾರೆ. ಯಾರು ಆಡಿದರು, ಕೊನೆಯ ಸಲ ಯಾವಾಗ ಆಡಿದರು ಎಂಬ ಕಾಲಂ ಪ್ರಪಂಚದ ಯಾವ ರಿಜಿಸ್ಟರಿನಲ್ಲೂ ನಾನು ಕಂಡಿಲ್ಲ. ಕೊಟ್ಟವರನ್ನು ಆಗಲೇ ಕೇಳಿದ್ದರೆ ಅರ್ಧ ಗಂಟೆಯ ಕೆಲಸ.

ಹಾಗಾಗಿ ಸಾವಿನ ಕಾರಣವನ್ನು ಬೇರೆ ಕಡೆಯಿಂದ ಹಿಡಿಯಬೇಕಾಯಿತು. 1831ರಲ್ಲಿ ಲಂಡನ್ನಿನ ಥಾಮಸ್ ಡಿ ಲಾ ರೂ ಇಸ್ಪೀಟು ಎಲೆಗಳನ್ನು ಬಣ್ಣದಲ್ಲಿ ಯಂತ್ರದಿಂದ ಮುದ್ರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದುವರೆಗೆ ಯುರೋಪಿನಲ್ಲೂ ಎಲೆಗಳಿಗೆ ಬಣ್ಣ ತುಂಬುವುದು ಕೈಕೆಲಸವೇ. ಮುಂದಿನ ದಶಕಗಳಲ್ಲಿ ಇಂಗ್ಲೆಂಡ್, ಬೆಲ್ಜಿಯಂಗಳಿಂದ ಅಗ್ಗದ ಕಟ್ಟುಗಳು ಹಡಗಿನಲ್ಲಿ ಬಂದು ಇಳಿದವು. 52 ಎಲೆ, ನಾಲ್ಕೇ ರಂಗು, ಎಣಿಕೆ ನೇರ, ಕೊಳೆಯಾದರೆ ಎಸೆದು ಹೊಸದು ತರಬಹುದು. ಅದಕ್ಕೆದುರಾಗಿ ಗಂಜೀಫದ ಒಂದು ಕಟ್ಟು ಚಿತ್ರಗಾರನ ವಾರಗಟ್ಟಲೆ ದುಡಿಮೆ. ಒಂದೆಲೆ ಕಳೆದರೆ ಮತ್ತೆ ಅವನ ಮನೆ ಬಾಗಿಲಿಗೆ ಹೋಗಬೇಕು. ಬೆಲೆಯ ಮುಂದೆ ಬಣ್ಣ ಸೋತಿತು. ಸಂಶೋಧಕರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಇದು ಅರ್ಧ ಉತ್ತರ ಎನಿಸಿತು, ಏಕೆಂದರೆ ಅದೇ ವಿದೇಶಿ ಎಲೆಗಳ ಎದುರಿನಲ್ಲೇ ಒಡಿಶಾದ ಪುರಿಯಲ್ಲಿ ಗಂಜಪ ಎಂಬ ಹೆಸರಿನಲ್ಲಿ ಇದೇ ಆಟ ಉಳಿಯಿತು. ಹಾಗಾದರೆ ಅಗ್ಗದ ಎಲೆಯ ಜೊತೆಗೆ ಇನ್ನೇನೋ ಇದೆ.

ಆ 1831ನ್ನು ಓದಿದ ಕೂಡಲೇ ಮೈಸೂರಿನವನಾದ ನನ್ನ ತಲೆ ಬೇರೆ ಕಡೆ ಓಡಿತು. ಅದೇ ವರ್ಷ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ಐದು ವರ್ಷದ ಮಗುವಾಗಿದ್ದಾಗ 1799ರಲ್ಲಿ ಪಟ್ಟಕ್ಕೆ ಬಂದಿದ್ದ ಅರಸ, ಮುಂದೆ 1868ರಲ್ಲಿ ಕಣ್ಣುಮುಚ್ಚುವವರೆಗೆ ರಾಜ್ಯವಿಲ್ಲದ ರಾಜ. ಕೈಯಲ್ಲಿದ್ದದ್ದು ಅರಮನೆ, ಪಂಡಿತರು, ಚಿತ್ರಗಾರರು, ಮತ್ತು ಮುಗಿಯದ ಹೊತ್ತು. ಆ ಹೊತ್ತಿನಲ್ಲಿ ಅವರು ಚದುರಂಗದ ಕುದುರೆ ಅರವತ್ನಾಲ್ಕು ಮನೆಗಳನ್ನೂ ಸುತ್ತುವ ಬಂಧಗಳನ್ನು ರಚಿಸಿದರು. ಗಂಜೀಫವನ್ನು ಕೈಗೆತ್ತಿಕೊಂಡು ಯಾರೂ ಊಹಿಸದಷ್ಟು ಬೆಳೆಸಿದರು. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಮತ್ತು ಕೊನೆಯ ಭಾಗ ಕೌತುಕನಿಧಿ. ಅದರಲ್ಲಿ ಈ ಹೊಸ ಎಲೆಯಾಟಗಳ ವಿವರವಿದೆ. ಇವಕ್ಕೆ ಛದ ಎಂದು ಹೆಸರು.

ಛದಗಳಲ್ಲಿ 36 ಎಲೆಯ ಪುಟ್ಟ ಕಟ್ಟಿನಿಂದ ಹಿಡಿದು 360ರವರೆಗೆ ಇವೆ. ಚಾಮುಂಡೇಶ್ವರಿ ಛದಕ್ಕೆ ಹದಿನಾರು ರಂಗು, 320 ಎಲೆ. ಜಗನ್ಮೋಹನ ಛದಕ್ಕೆ ಹದಿನೆಂಟು ರಂಗು, 360 ಎಲೆ. ನವಗ್ರಹ, ಪಂಚಪಾಂಡವ, ದಿಕ್ಪಾಲ, ನವರತ್ನ ಎಂದು ಉಳಿದವುಗಳ ಹೆಸರೇ ಒಂದು ಲೋಕ. ಸಾಮಾನ್ಯವಾಗಿ ರಂಗಿಗೆ ಹನ್ನೆರಡು ಅಂಕೆಯ ಎಲೆ, ಆರು ಚಿತ್ರದ ಎಲೆ. ರಾಜ, ಮಂತ್ರಿ ಇಬ್ಬರೇ ಇದ್ದ ಕಡೆ ಈಗ ಆರು ಮಂದಿ. ಗಂಜೀಫದಲ್ಲಿ ಇಲ್ಲದ ತುರುಫು ಇಲ್ಲಿ ಖಾಯಂ ಆಗಿ ಬಂತು. ಯಾವ ಎಲೆಯ ಬದಲಿಗೂ ನಿಲ್ಲಬಲ್ಲ, ನಮ್ಮ ಜೋಕರಿನಂಥ ಎಲೆಗಳೂ ಬಂದವು. ಇಂಥ ಆಟವನ್ನು ಕಟ್ಟಿದವನಿಗೆ ಎಷ್ಟು ಖುಷಿ ಆಗಿರಬೇಕು! ಎದುರು ಕೂತು ಆಡಬೇಕಾದ ಅರಮನೆಯ ಊಳಿಗದವರ ಪಾಡು ಮಾತ್ರ ದೇವರೇ ಬಲ್ಲ. ದೊರೆಯ ಮುಂದೆ 360 ಎಲೆಯ ಆಟದಲ್ಲಿ ಸೋಲುವುದು ಕಷ್ಟ, ಗೆಲ್ಲುವುದು ಇನ್ನೂ ಕಷ್ಟ.

ಅರಮನೆಯಾಚೆ ಇವು ಹರಡಿದ ಹಾಗೆ ಕಾಣುವುದಿಲ್ಲ. ಈ ಆಟಗಳು ಮೈಸೂರಿನಿಂದ ಹೊರಗೆ ಎಲ್ಲಾದರೂ ಕಾಲಿಟ್ಟಿದ್ದರೆ ಅದು ಕಾಶಿಯೇ ಆಗಿರಬೇಕು ಎಂಬ ಆಸೆ ನನಗಿತ್ತು. ಕಾಶಿಗೂ ನಮಗೂ ದಾರಿ ಹಳೆಯದು. ಹರಿಶ್ಚಂದ್ರ ಘಾಟ್, ಹನುಮಾನ್ ಘಾಟ್‌ಗಳ ನಡುವೆ ಮೈಸೂರು ಸಂಸ್ಥಾನ ಕಟ್ಟಿಸಿದ ಮೆಟ್ಟಿಲುಗಳಿಗೆ ಇವತ್ತು ಕರ್ನಾಟಕ ಘಾಟ್ ಎಂದು ಹೆಸರು. ಜಂಗಮವಾಡಿ ಮಠದಲ್ಲಿ ಕನ್ನಡ ಮಾತಾಡಿಕೊಂಡೇ ಉಂಡು ಮಲಗಬಹುದು. ಜನ, ಹಣ, ಪುಸ್ತಕ, ಪಂಡಿತರು ಎಲ್ಲ ಓಡಾಡಿದ ಆ ದಾರಿಯಲ್ಲಿ ಛದಗಳ ಹೆಜ್ಜೆ ನನ್ನ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಇನ್ನೊಂದರ ಹೆಜ್ಜೆ, ಅದೂ ಅದೇ ಕೌತುಕನಿಧಿಯದು.

ಕೌತುಕನಿಧಿಯಲ್ಲಿ ಎಲೆಯಾಟಗಳಿರುವಂತೆ ಯೋಗಾಸನಗಳೂ ಇವೆ, 122 ಭಂಗಿಗಳು, ಒಂದೊಂದಕ್ಕೂ ಬಣ್ಣದ ಚಿತ್ರ. ತಿರುಮಲೈ ಕೃಷ್ಣಮಾಚಾರ್ಯರು ತಾರುಣ್ಯದಲ್ಲಿ ಕಾಶಿಯಲ್ಲಿ ಓದಿ, ಮುಂದೆ ಮೈಸೂರಿಗೆ ಬಂದು, 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ಕನ್ನಡದಲ್ಲಿ ಅಚ್ಚಾದ ಅವರ ‘ಯೋಗಮಕರಂದ’ದ ಆಕರಗಳಲ್ಲಿ ಶ್ರೀತತ್ತ್ವನಿಧಿಯೂ ಇದೆ. ಅವರ ಶಿಷ್ಯರು ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್. ಆಮೇಲಿನದು ಜಗತ್ತಿಗೇ ಗೊತ್ತು. ಕೌತುಕನಿಧಿಯ ಆಸನಗಳ ಭಾಗವನ್ನು ನಾರ್ಮನ್ ಶೋಮನ್ ಎಂಬ ವಿದ್ವಾಂಸ 1996ರಲ್ಲಿ ಇಂಗ್ಲಿಷಿಗೆ ತಂದ. ಒಂದೇ ಗ್ರಂಥ, ಒಂದೇ ನಿಧಿ. ಆಸನಗಳಿಗೆ ಮೇಷ್ಟರು ಸಿಕ್ಕರು, ಮೇಷ್ಟರಿಗೆ ಶಿಷ್ಯರು ಸಿಕ್ಕರು. ಛದಗಳಿಗೆ ಸಿಕ್ಕದ್ದು ಸಂಗ್ರಾಹಕರು.

ಅಂಥವರಲ್ಲಿ ದೊಡ್ಡವರು ರುಡಾಲ್ಫ್ ಫಾನ್ ಲೇಡನ್. 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ, ಭೂವಿಜ್ಞಾನ ಓದಿ, 1933ರಲ್ಲಿ ಮುಂಬಯಿಗೆ ಬಂದವರು. ಟೈಮ್ಸ್ ಆಫ್ ಇಂಡಿಯಾದಲ್ಲಿ ಕಲಾ ವಿಮರ್ಶೆ ಬರೆದು ಹುಸೇನ್, ರಜಾ, ಆರಾರಂಥ ಹೊಸಬರ ಬೆನ್ನಿಗೆ ನಿಂತವರು. ಆಧುನಿಕ ಚಿತ್ರಕಲೆಗೆ ವಕೀಲರಾಗಿದ್ದ ಈ ಮನುಷ್ಯನಿಗೆ ಹಿಡಿದ ಹುಚ್ಚು ಗಂಜೀಫದ್ದು. 1973ರಲ್ಲಿ ವಿಯೆನ್ನಾದಿಂದ ಮೈಸೂರಿನ ಛದಗಳ ಬಗ್ಗೆಯೇ ಅವರ ಪುಸ್ತಕ ಬಂತು. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅವರ ಸಮಗ್ರ ಗ್ರಂಥ ಪ್ರಕಟಿಸಿತು. ಮರುವರ್ಷ ತೀರಿಕೊಂಡರು. ಕನ್ನಡದ ಅರಸರೊಬ್ಬರು ಕಟ್ಟಿದ ಆಟದ ಬಗ್ಗೆ ಮೊದಲ ಗಟ್ಟಿ ಪುಸ್ತಕವನ್ನು ಜರ್ಮನ್ ಮೂಲದವರೊಬ್ಬರು ವಿಯೆನ್ನಾದಲ್ಲಿ ಅಚ್ಚು ಹಾಕಿಸಿದರು ಎಂಬುದನ್ನು ನಾನು ಹೆಮ್ಮೆಯಿಂದ ಹೇಳಿಕೊಳ್ಳಲಾರೆ. ಅದೇ ಕಾಲಕ್ಕೆ ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಮೈಕೆಲ್ ಡಮ್ಮೆಟ್, ಭವಿಷ್ಯ ಹೇಳಲು ಬಳಸುವ ಟ್ಯಾರೋ ಎಲೆಗಳು ಮೂಲದಲ್ಲಿ ಬರೀ ಆಟದವು ಎಂದು ತೋರಿಸುವ ದೊಡ್ಡ ಗ್ರಂಥವನ್ನು 1980ರಲ್ಲಿ ಹೊರತಂದಿದ್ದ. ಆಡುವವರು ಹೋದ ಮೇಲೆ ಎಲೆಗಳು ಬೇರೆಯವರ ಪಾಲಾಗುತ್ತವೆ. ಅಲ್ಲಿ ಕಣಿ ಹೇಳುವವರ ಪಾಲು, ಇಲ್ಲಿ ಗಾಜಿನ ಕಪಾಟಿನ ಪಾಲು.

ಛದ ಏಕೆ ಅರಮನೆಯಲ್ಲೇ ಮುಗಿಯಿತು ಎಂಬುದು ನನಗೆ ಹೊಳೆದದ್ದು ಗಂಗೆಯ ಆಚೆ ದಡದಲ್ಲಿ, ಕಾಶಿ ನರೇಶರ ಕೋಟೆಯಿರುವ ರಾಮನಗರದಲ್ಲಿ. ಮುಮ್ಮಡಿಯವರ ಸಮಕಾಲೀನರಾದ ಉದಿತ್ ನಾರಾಯಣ ಸಿಂಗ್ ಮತ್ತು ಈಶ್ವರೀ ಪ್ರಸಾದ್ ನಾರಾಯಣ ಸಿಂಗ್ ಅವರೂ ಅಂಥದ್ದೇ ರಾಜರು. ಅಧಿಕಾರ ಬ್ರಿಟಿಷರದು, ಗೌರವ ಇವರದು. ಅವರೂ ಒಂದು ಕಾಲ್ಪನಿಕ ಲೋಕವನ್ನು ಕಟ್ಟಿದರು. ಎಲೆಯ ಮೇಲಲ್ಲ, ನೆಲದ ಮೇಲೆ. ಊರಿನ ಒಂದು ಭಾಗ ಅಯೋಧ್ಯೆ, ಒಂದು ಭಾಗ ಜನಕಪುರ, ಒಂದು ಕಡೆ ಪಂಚವಟಿ, ದೂರದಲ್ಲಿ ಲಂಕೆ. ಅನಂತ ಚತುರ್ದಶಿಯಿಂದ ಶುರುವಾಗಿ ಸುಮಾರು ಒಂದು ತಿಂಗಳು ರಾಮಲೀಲೆ ನಡೆಯುತ್ತದೆ. ಮೈಕು ಇಲ್ಲ, ವಿದ್ಯುದ್ದೀಪ ಇಲ್ಲ. ಪ್ರಸಂಗ ಬದಲಾದಂತೆ ಜನ ಊರಿನಲ್ಲಿ ಎದ್ದು ನಡೆಯುತ್ತಾರೆ. ತಿಂಗಳಿಡೀ ಒಂದು ದಿನವೂ ತಪ್ಪಿಸದೆ, ಕೈಯಲ್ಲಿ ತುಲಸೀದಾಸರ ಮಾನಸ ಹಿಡಿದು ಬರುವವರಿದ್ದಾರೆ. ಅವರಿಗೆ ನೇಮಿಗಳು ಎನ್ನುತ್ತಾರೆ. ರಾಜರು ಆನೆಯ ಮೇಲೆ ಬಂದರೂ ನೋಡುಗರೇ.

ನನ್ನ ತೀರ್ಮಾನವನ್ನು ಇಲ್ಲಿ ನೇರವಾಗಿ ಹೇಳಿಬಿಡುತ್ತೇನೆ. ಕಾಶಿಯ ರಾಜರು ತಮ್ಮ ಲೀಲೆಯನ್ನು ನೇಮಿಗಳ ಕೈಗಿತ್ತರು. ರಾಜ್ಯಗಳೇ ಹೋದ ಮೇಲೂ ಅದು ನಡೆಯುತ್ತಿದೆ. ಮುಮ್ಮಡಿಯವರ ಛದಕ್ಕೆ ಒಬ್ಬನೇ ನೇಮಿ, ಅದನ್ನು ಕಟ್ಟಿದವರೇ. 1868ರ ಮಾರ್ಚ್ 27ರಂದು ಅವರು ಹೋದರು. ನಾನು ಹುಡುಕುತ್ತಿದ್ದ ದಿನಾಂಕಕ್ಕೆ ಇಡೀ ಗಂಜೀಫದ ಇತಿಹಾಸದಲ್ಲಿ ಇದಕ್ಕಿಂತ ಹತ್ತಿರದ್ದು ಸಿಗಲಾರದು. ಆಮೇಲಿನ ದೊರೆಗಳಿಗೆ ಪೋಲೊ, ಟೆನ್ನಿಸ್, ರೈಲು, ಅಣೆಕಟ್ಟು ಹೀಗೆ ಬೇರೆ ಆಸಕ್ತಿಗಳಿದ್ದವು. 1897ರಲ್ಲಿ ಹಳೆಯ ಮರದ ಅರಮನೆಯೂ ಸುಟ್ಟುಹೋಯಿತು.

ಉತ್ತರದ ಗಂಜೀಫದ ವಿಷಯದಲ್ಲಿ ಹೀಗೆ ಒಂದು ದಿನ ತೋರಿಸಲು ಬರುವುದಿಲ್ಲ. ಅಲ್ಲಿ ಆಟ ನಿಂತದ್ದು ಮನೆಮನೆಗೂ ಬೇರೆ ಬೇರೆ ದಿನ. ಗಂಜೀಫಕ್ಕೆ ಮೂವರು ಬೇಕು, ಇಬ್ಬರಿದ್ದರೆ ಆಗದು. ಮೂವರಲ್ಲಿ ಒಬ್ಬರು ತೀರಿಕೊಂಡರು, ಅಥವಾ ಕಲ್ಕತ್ತೆಗೆ ನೌಕರಿಗೆ ಹೋದರು, ಅಥವಾ ಮಗ ಇಸ್ಪೀಟು ಕಲಿತು ಬಂದ. ಉಳಿದಿಬ್ಬರು ಒಂದೆರಡು ಸಂಜೆ ಕಾದರು, ಕಟ್ಟನ್ನು ಪೆಟ್ಟಿಗೆಗೆ ಹಾಕಿದರು. ಇದಕ್ಕೆ ಪ್ರಕಟಣೆ ಹೊರಡಿಸುವವರು ಯಾರು? ಯಾರ ಮೇಲೆ ಸಿಟ್ಟು ಮಾಡಬೇಕು? ನಾಟಿಂಗ್‌ಹ್ಯಾಮಿನ ಕಂಪನಿಯಂಥ ಗುರಿ ಇಲ್ಲದ್ದರಿಂದ ಅವರ ಬೇಸರ ಕಾಗದಕ್ಕೆ ಇಳಿಯಲೇ ಇಲ್ಲ ಎಂದು ನನ್ನ ಊಹೆ. ಪುರಿಯಲ್ಲಿ ಉಳಿದದ್ದೂ ಇದೇ ಕಾರಣಕ್ಕೆ ಇರಬೇಕು: ಜಗನ್ನಾಥನ ಊರಿನಲ್ಲಿ ಮೂರನೆಯವನು ಬಾರದಿದ್ದರೆ ಪಕ್ಕದ ಕಟ್ಟೆಯಿಂದ ಇನ್ನೊಬ್ಬ ಸಿಗುತ್ತಿದ್ದ.

ಎಲೆಗಳನ್ನು ಉಳಿಸಿದವರಿಗೆ ಕೃತಜ್ಞತೆ ಸಲ್ಲಬೇಕು. ನಮ್ಮ ಗಡಿಯಾಚೆಯ ಸಾವಂತವಾಡಿಯಲ್ಲಿ ಶಿವರಾಮರಾಜೇ ಭೋಂಸಲೆ ಮತ್ತು ಸತ್ತ್ವಶೀಲಾದೇವಿ ದಂಪತಿ 1970ರ ದಶಕದ ಆರಂಭದಲ್ಲಿ, ಕೆಲಸ ಬಲ್ಲ ವೃದ್ಧ ಚಿತ್ರಗಾರ ಪುಂಡಲೀಕ ಚಿತಾರಿಯವರಿಂದ ವಿದ್ಯೆ ಕಲಿತು ಅರಮನೆಯಲ್ಲೇ ಕಾರ್ಖಾನೆ ತೆರೆದರು. ನಮ್ಮಲ್ಲಿ ಗಂಜೀಫ ರಘುಪತಿ ಭಟ್ಟರು ಶ್ರೀರಂಗಪಟ್ಟಣದ ಬಳಿ ಕೂತು ಜೀವನವನ್ನೇ ಈ ದುಂಡಗಿನ ಚಿತ್ರಗಳಿಗೆ ಕೊಟ್ಟರು. ಮೈಸೂರು ಗಂಜೀಫಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ತನ್ನ ‘ಕ್ರೀಡಾಕೌಶಲ್ಯ’ ಪ್ರದರ್ಶನಗಳಲ್ಲಿ ಪಗಡೆ, ಅಳಗುಳಿಮಣೆ, ಚೌಕಾಬಾರಾಗಳ ಜೊತೆ ಗಂಜೀಫವನ್ನೂ ಜನರ ಮುಂದೆ ಇಟ್ಟಿದೆ. ಆದರೂ ಇವತ್ತು ಗಂಜೀಫ ಕೊಳ್ಳುವವರಲ್ಲಿ ಹೆಚ್ಚಿನವರು ಅದನ್ನು ಗೋಡೆಗೆ ತೂಗುಹಾಕಲು ಕೊಳ್ಳುತ್ತಾರೆ. ಕಲೆ ಉಳಿದಿದೆ, ಆಟ ಉಳಿದಿಲ್ಲ. ಎರಡನ್ನೂ ಒಂದೇ ಎಂದುಕೊಂಡು ನಾವು ಸಮಾಧಾನ ಪಡುತ್ತಿದ್ದೇವೆ.

ಆಟವನ್ನು ಎಬ್ಬಿಸಲು ದೊಡ್ಡ ಯೋಜನೆ ಬೇಕಿಲ್ಲ. ಎಂಟು ರಂಗಿನ, ಹತ್ತು ರಂಗಿನ ಗಂಜೀಫದ ನಿಯಮಗಳು ಅಚ್ಚಿನಲ್ಲಿವೆ. ಒಂದು ರಟ್ಟಿನ ಕಟ್ಟು ಮಾಡಿಕೊಂಡು ಮೂವರು ಕೂತರೆ ಸಾಕು. ಛದಗಳಲ್ಲಿ 36 ಎಲೆಯ ಚಿಕ್ಕದೂ ಇದೆಯಲ್ಲ, ಸಂಸ್ಕೃತ ಬಲ್ಲವರೊಬ್ಬರು, ಎಲೆಯಾಟ ಬಲ್ಲವರೊಬ್ಬರು, ಚಿತ್ರ ಬಲ್ಲವರೊಬ್ಬರು ಜೊತೆಗೂಡಿ ಅಲ್ಲಿಂದ ಶುರು ಮಾಡಬಹುದು. ಮೈಸೂರಿನಲ್ಲಿ ಮೂರೂ ಬಗೆಯವರಿಗೆ ಕೊರತೆಯಿಲ್ಲ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲೋ ಅಜ್ಜಿಯ ಪೆಟ್ಟಿಗೆಯಲ್ಲೋ ದುಂಡಗಿನ ಚಿತ್ರದ ಎಲೆಗಳು ಸಿಕ್ಕರೆ ದಯವಿಟ್ಟು ಹಂಚಿಬಿಡಬೇಡಿ, ಒಂದೊಂದಕ್ಕೆ ಚೌಕಟ್ಟು ಹಾಕಿಸಲೂಬೇಡಿ. ಮೊದಲು ಎಣಿಸಿ. ರಂಗಿಗೆ ಹನ್ನೆರಡರಂತೆ 96 ಅಥವಾ 120ರ ಹತ್ತಿರ ಇದ್ದರೆ ಗಂಜೀಫ. ರಂಗಿಗೆ ಹನ್ನೆರಡಕ್ಕಿಂತ ಹೆಚ್ಚು ಎಲೆಗಳಿದ್ದರೆ, ಚಿತ್ರದ ಎಲೆಗಳು ಎರಡಕ್ಕಿಂತ ಹೆಚ್ಚಿದ್ದರೆ, ಅದು ಮೈಸೂರಿನ ಛದವಾಗಿರಬಹುದು. ಆಮೇಲೆ ಮನೆಯ ಹಿರಿಯರ ಹತ್ತಿರ ಕೂತು ಅದನ್ನು ಯಾರು ಯಾರು ಆಡುತ್ತಿದ್ದರು, ಯಾರ ಮನೆಯ ಜಗಲಿಯಲ್ಲಿ, ಯಾವ ವರ್ಷದವರೆಗೆ, ಯಾಕೆ ಬಿಟ್ಟರು ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದು ಆ ಕಟ್ಟಿನ ಜೊತೆಯಲ್ಲೇ ಇಡಿ.